ಪೂರ್ವನಿರ್ಮಿತ ಕಟ್ಟಡ ವಿಧಾನ ಮತ್ತು ಹುಬ್ಬಳ್ಳಿ-ಧಾರವಾಡದ ಬಿಲ್ಡರ್‌ಗಳ ತಿಳಿವಳಿಕೆ

ಗೋಡೆ, ಕಂಬ, ಬೀಮು, ಸ್ಲ್ಯಾಬು, ಮೆಟ್ಟಿಲುಗಳನ್ನು ಕಟ್ಟಡ ಏಳುವ ಜಾಗದಲ್ಲೇ ಎರಕ ಹೊಯ್ಯದೆ ಬೇರೆಡೆ ತಯಾರಿಸಿ, ತಂದು ಜೋಡಿಸುವುದು ಪೂರ್ವನಿರ್ಮಿತ ವಿಧಾನ. ಬಿಲ್ಡರ್‌ಗಳ ಮಾತಿನಲ್ಲಿ ಇದು ‘ಪ್ರೀಕಾಸ್ಟ್’, ‘ಪ್ರೀಫ್ಯಾಬ್’ ಅಥವಾ ಸರಳವಾಗಿ ‘ರೆಡಿಮೇಡ್’. ಇದರೊಳಗೆ ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆಯಾದ ಪದ್ಧತಿಗಳಿವೆ. ಇಡೀ ಗೋಡೆಯನ್ನು ಒಂದೇ ಕಾಂಕ್ರೀಟ್ ಹಲಗೆಯಾಗಿ ಎರೆದು ಕ್ರೇನಿನಿಂದ ನಿಲ್ಲಿಸುವುದು ಒಂದು. ಕಂಬ-ಬೀಮುಗಳ ಚೌಕಟ್ಟನ್ನು ಜೋಡಿಸುವುದು ಇನ್ನೊಂದು. ಇಡೀ ಕೋಣೆಯನ್ನೇ ಪೆಟ್ಟಿಗೆಯಂತೆ ತಯಾರಿಸಿ ಒಂದರ ಮೇಲೊಂದು ಏರಿಸುವುದು ಮತ್ತೊಂದು. ಉಕ್ಕಿನ ಶೆಡ್ಡುಗಳು, ತೆಳು ಉಕ್ಕಿನ ಚೌಕಟ್ಟಿನ ಮನೆಗಳು, ನಡುವೆ ಹಗುರ ವಸ್ತು ತುಂಬಿದ ಸ್ಯಾಂಡ್‌ವಿಚ್ ಪ್ಯಾನೆಲ್‌ಗಳೂ ಇದೇ ಗುಂಪಿನವು. ಇಬ್ಬರು ಆಳುಗಳು ಎತ್ತಬಹುದಾದ ಸಣ್ಣ ಹಲಗೆಗಳಿಂದ ಚಾವಣಿ ಹಾಕುವ ಪದ್ಧತಿಯೂ ಇದಕ್ಕೇ ಸೇರುತ್ತದೆ, ಆದರೆ ಹೆಚ್ಚಿನವರಿಗೆ ಅದು ಹೊಳೆಯುವುದೇ ಇಲ್ಲ.

ಹೊಸ ವಿಧಾನವೊಂದು ಸಮಾಜದಲ್ಲಿ ಹರಡುವ ಬಗೆಯನ್ನು 1962ರಲ್ಲಿ ವಿವರಿಸಿದ ಅಮೆರಿಕದ ಸಮಾಜವಿಜ್ಞಾನಿ ಎವರೆಟ್ ರೋಜರ್ಸ್, ತಿಳಿವಳಿಕೆಯಲ್ಲಿ ಮೂರು ಬಗೆ ಗುರುತಿಸಿದರು: ಅಂಥದ್ದೊಂದು ಇದೆ ಎಂಬ ಅರಿವು, ಅದನ್ನು ಮಾಡುವ ಬಗೆಯ ಅರಿವು, ಅದು ಯಾವ ತತ್ತ್ವದ ಮೇಲೆ ನಿಂತಿದೆ ಎಂಬ ಅರಿವು. ಹುಬ್ಬಳ್ಳಿ-ಧಾರವಾಡದ ಬಿಲ್ಡರ್‌ಗಳಿಗೆ ಪೂರ್ವನಿರ್ಮಿತ ವಿಧಾನ ಗೊತ್ತಿದೆಯೇ ಎಂದು ಕೇಳುವಾಗ ಈ ಮೂರನ್ನೂ ಬೇರ್ಪಡಿಸಿಕೊಳ್ಳಬೇಕು. ಮೊದಲನೆಯದಕ್ಕೆ ಇಲ್ಲಿ ಕೊರತೆಯಿಲ್ಲ. ಎರಡನೆಯದು ಅರ್ಧಂಬರ್ಧ. ಮೂರನೆಯದು ವಿನ್ಯಾಸ ಮಾಡುವ ಸ್ಟ್ರಕ್ಚರಲ್ ಎಂಜಿನಿಯರ್‌ಗಳ ಕೆಲವು ಕಚೇರಿಗಳಾಚೆ ಹೋಗಿಲ್ಲ. ಜಾಗೃತಿ ಮೂಡಿಸಿದರೆ ಸಾಕು ಎನ್ನುವ ಮಾತು ಸಾಮಾನ್ಯವಾಗಿ ಮೊದಲನೆಯ ಬಗೆಯಲ್ಲೇ ನಿಂತುಬಿಡುತ್ತದೆ.

ಸುಮಾರು 20 ಕಿ.ಮೀ. ಅಂತರದ ಈ ಎರಡು ಊರುಗಳು 1962ರಲ್ಲಿ ಒಂದೇ ಮಹಾನಗರ ಪಾಲಿಕೆಯಾದವು. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 9.43 ಲಕ್ಷ. ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಖಾನೆಯಿಂದ ಬಿಡಿಬಿಡಿಯಾಗಿ ಬಂದು ಬೋಲ್ಟಿನಲ್ಲಿ ಬಿಗಿದು ನಿಂತ ಉಕ್ಕಿನ ಶೆಡ್ಡುಗಳು ಹಲವು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರಿದು. ರೈಲು ಓಡುವುದೇ ಕಾರ್ಖಾನೆಯಲ್ಲಿ ಎರೆದ ಕಾಂಕ್ರೀಟ್ ಸ್ಲೀಪರ್‌ಗಳ ಮೇಲೆ. ವಿದ್ಯುತ್ ಕಂಬ, ಬಾವಿಯ ರಿಂಗು, ಚರಂಡಿಯ ಮುಚ್ಚಳ, ಸಿಮೆಂಟಿನ ಬಾಗಿಲು ಚೌಕಟ್ಟು, ಇವೆಲ್ಲ ಸಿದ್ಧವಾಗಿಯೇ ಸಿಗುತ್ತವೆ.

ಚಾವಣಿಯ ಸಾಮಾನು ದೂರದ ಕಾರ್ಖಾನೆಯಿಂದ ಬರುವುದಂತೂ ಈ ಭಾಗಕ್ಕೆ ಹಳೆಯ ರೂಢಿ. ಬಾಸೆಲ್ ಮಿಷನ್‌ನವರು 1830ರ ದಶಕದಲ್ಲಿಯೇ ಧಾರವಾಡ, ಹುಬ್ಬಳ್ಳಿಗಳಲ್ಲಿ ನೆಲೆ ಊರಿದ್ದರು. ಅದೇ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಒಂದೇ ಅಳತೆಯ, ಒಂದರ ಅಂಚು ಇನ್ನೊಂದಕ್ಕೆ ಕೂಡುವ ಆ ಹಂಚು ಘಟ್ಟ ಹತ್ತಿ ಬಂದು ಧಾರವಾಡದ ಮನೆಗಳ ಮೇಲೆ ಕುಳಿತದ್ದು ಪೂರ್ವನಿರ್ಮಿತ ವಿಧಾನದ ಒಳ್ಳೆಯ ನಿದರ್ಶನ. ಅಳತೆ ನಿಗದಿಯಾಗಿತ್ತು, ತಯಾರಿಕೆ ಕಾರ್ಖಾನೆಯಲ್ಲಿ ನಡೆಯುತ್ತಿತ್ತು, ಮುರಿದದ್ದನ್ನು ತೆಗೆದು ಹೊಸದನ್ನು ಇಡಬಹುದಿತ್ತು.

ಇಂದು ಸಾಮಾನ್ಯ ಬಿಲ್ಡರ್‌ಗೆ ಅತಿ ಹೆಚ್ಚು ಪರಿಚಿತವಾದ ಪೂರ್ವನಿರ್ಮಿತ ವಸ್ತು ರೆಡಿಮೇಡ್ ಕಂಪೌಂಡ್. ಬೈಪಾಸಿನ ಆಚೀಚೆ, ಕುಸುಗಲ್ ರಸ್ತೆಯ ಕಡೆ, ಹೊಸ ಲೇಔಟ್ ಬಿದ್ದಲ್ಲೆಲ್ಲ ಇದನ್ನು ನೋಡಬಹುದು. ಆರೇಳು ಅಡಿಗೊಂದು ಗುಂಡಿ ತೋಡಿ, ಎರಡೂ ಬದಿಗೆ ಸೀಳು ಇರುವ ಕಂಬ ನಿಲ್ಲಿಸುತ್ತಾರೆ. ಎರಡು ಕಂಬಗಳ ಸೀಳಿನೊಳಗೆ ಅಡಿ ಎತ್ತರದ ಹಲಗೆಗಳನ್ನು ಮೇಲಿನಿಂದ ಒಂದೊಂದಾಗಿ ಇಳಿಸುತ್ತಾರೆ. ಗಾರೆಯಿಲ್ಲ, ಕ್ಯೂರಿಂಗ್ ಇಲ್ಲ. ಎಕರೆಗಟ್ಟಲೆ ಜಾಗಕ್ಕೆ ಕೆಲವೇ ದಿನಗಳಲ್ಲಿ ಗೋಡೆ ಎದ್ದುಬಿಡುತ್ತದೆ. ಎರೆಮಣ್ಣಿನ ಜಾಗದಲ್ಲಿ ಗುಂಡಿ ಆಳವಾಗಿಲ್ಲದಿದ್ದರೆ ಮೂರ್ನಾಲ್ಕು ಮಳೆಗಾಲದೊಳಗೆ ಕಂಬ ವಾಲಿ, ಹಲಗೆಯ ಅಂಚು ಸೀಳಿನಿಂದ ಈಚೆ ಬರುತ್ತದೆ. ಈ ಕಂಪೌಂಡು ಬಿಲ್ಡರ್‌ಗಳಿಗೆ ಎರಡು ಪಾಠ ಕಲಿಸಿದೆ: ರೆಡಿಮೇಡ್ ಎಂದರೆ ಬೇಗ ಆಗುತ್ತದೆ, ರೆಡಿಮೇಡ್ ಎಂದರೆ ಗಟ್ಟಿಯಲ್ಲ. ಎರಡನ್ನೂ ಮನೆಗೆ ಹಾಗೆಯೇ ಅನ್ವಯಿಸುವುದರಿಂದ ತಿಳಿವಳಿಕೆ ದಾರಿ ತಪ್ಪುತ್ತದೆ. ಜೋಡಣೆಯಲ್ಲಿ ಕಬ್ಬಿಣವೂ ಕಾಂಕ್ರೀಟೂ ಇಲ್ಲದ, ತಳಪಾಯವೇ ಇಲ್ಲದ ಬೇಲಿ ಅದು. ಅದರಿಂದ ಕಟ್ಟಡದ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ಹೆಸರುಗಳ ಗೊಂದಲವೂ ಇದೆ. ಅಲ್ಯೂಮಿನಿಯಂ ಅಚ್ಚು ಕಟ್ಟಿ ಗೋಡೆ-ಸ್ಲ್ಯಾಬುಗಳನ್ನು ಒಟ್ಟಿಗೆ ಎರೆಯುವ ‘ಮೈವಾನ್’ ಕೆಲಸ ಸಂಪೂರ್ಣವಾಗಿ ಸೈಟಿನಲ್ಲೇ ನಡೆಯುತ್ತದೆ, ಅದು ಪೂರ್ವನಿರ್ಮಿತವಲ್ಲ. ಹಗುರವಾದ ಎಎಸಿ ಬ್ಲಾಕು ಇಟ್ಟಿಗೆಗೆ ಬದಲಿ ಮಾತ್ರ. ರೆಡಿಮಿಕ್ಸ್ ಲಾರಿ ತರುವುದು ಹಸಿ ಕಾಂಕ್ರೀಟನ್ನು. ಇವೆಲ್ಲವನ್ನೂ ಪ್ರೀಕಾಸ್ಟ್ ಜೊತೆ ಸೇರಿಸಿ ‘ಹೊಸ ಟೆಕ್ನಾಲಜಿ’ ಎನ್ನುವಾಗ, ಒಂದರ ಖರ್ಚನ್ನು ಇನ್ನೊಂದರ ತಲೆಗೆ ಕಟ್ಟುವುದು ತಪ್ಪುವುದಿಲ್ಲ.

ಪೂರ್ವನಿರ್ಮಿತ ವಿಧಾನ ಯಾವುದಕ್ಕೆ ಬದಲಿಯಾಗಬೇಕು ಎಂಬುದನ್ನು ತಿಳಿಯಲು ಈಗಿನ ಕೆಲಸದ ಲಯವನ್ನು ಗಮನಿಸಬೇಕು. ಅವಳಿ ನಗರದ ಒಂದು ಸಾಮಾನ್ಯ ಅಪಾರ್ಟ್‌ಮೆಂಟು ಮೂರ್ನಾಲ್ಕು ಅಂತಸ್ತಿನದು. ಸೆಂಟ್ರಿಂಗಿನವರು ಹಲಗೆ, ತಗಡು, ಜಾಕು ನಿಲ್ಲಿಸಿ, ಬಾರ್ ಬೆಂಡಿಂಗಿನವರು ಕಬ್ಬಿಣ ಕಟ್ಟಿ ಮುಗಿಸಿದ ಮೇಲೆ ಸ್ಲ್ಯಾಬ್ ಹಾಕುವ ದಿನ ಬರುತ್ತದೆ. ಬೆಳಗ್ಗೆಯಿಂದ ಉಸುಕು, ಖಡಿ, ಸಿಮೆಂಟು ಮಿಕ್ಸರಿಗೆ ಬೀಳುತ್ತವೆ. ಪುಟ್ಟಿಗಳು ಕೈಯಿಂದ ಕೈಗೆ ಹೋಗುತ್ತವೆ ಅಥವಾ ಲಿಫ್ಟು ಏರುತ್ತದೆ. ಸಂಜೆಯೊಳಗೆ ಮುಗಿಯಲೇಬೇಕು. ಮಾರನೆಯ ದಿನ ಸ್ಲ್ಯಾಬಿನ ಮೇಲೆ ಗಾರೆಯಿಂದ ಸಣ್ಣ ಮಡಿ ಕಟ್ಟಿ ನೀರು ನಿಲ್ಲಿಸುತ್ತಾರೆ. ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಬೇಕು, ಬಿಸಿ-ಒಣ ಹವೆಯಲ್ಲಿ ಅಥವಾ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ. ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿನ ಆಧಾರಗಳನ್ನು 7 ದಿನ, ಅದಕ್ಕಿಂತ ಅಗಲದ್ದಕ್ಕೆ 14 ದಿನ, ಆರು ಮೀಟರ್ ಮೀರಿದ ಬೀಮಿನ ಕೆಳಗೆ 21 ದಿನ ತೆಗೆಯುವಂತಿಲ್ಲ. ಒಂದು ಅಂತಸ್ತಿಗೆ ಹೀಗೆ ಕಾಯುವುದೇ ದೊಡ್ಡ ಪಾಲಿನ ಕೆಲಸ. ಮಲಪ್ರಭಾ ನದಿಯ ನೀರನ್ನು ದಿನ ಎಣಿಸಿ ಕಾಯುತ್ತ ಬಂದ ಊರಿನಲ್ಲಿ ಕ್ಯೂರಿಂಗ್ ಎಂದರೆ ಟ್ಯಾಂಕರ್ ಲೆಕ್ಕ. ಮುಂಗಾರು ಬಿದ್ದೊಡನೆ ಬಿತ್ತನೆಗೆಂದು ಆಳುಗಳು ಊರಿಗೆ ಹೊರಡುತ್ತಾರೆ, ಉಳಿದ ಸಮಯದಲ್ಲಿ ಗೋವೆಯ ಕೂಲಿ ಸೆಳೆಯುತ್ತದೆ.

ಕಾಯುವ ದಿನ, ನೀರು, ಆಳು, ಈ ಮೂರನ್ನೂ ಕಾರ್ಖಾನೆಗೆ ವರ್ಗಾಯಿಸುವುದು ಪ್ರೀಕಾಸ್ಟಿನ ಸಾರ. ತಳಪಾಯ ನಡೆಯುತ್ತಿರುವಾಗಲೇ ಮೇಲಿನ ಗೋಡೆಗಳು ಬೇರೆಡೆ ಬಲಿಯುತ್ತಿರುತ್ತವೆ. ಇಷ್ಟನ್ನು ಬಹಳ ಮಂದಿ ಬಿಲ್ಡರ್‌ಗಳು ಒಪ್ಪುತ್ತಾರೆ. ಒಪ್ಪಿದ ಮೇಲೂ ಮಾಡದೆ ಇರುವುದಕ್ಕೆ ಕಾರಣಗಳು ಇಲ್ಲಿನ ವ್ಯವಹಾರದ ಸ್ವರೂಪದಲ್ಲಿವೆ.

ಇಲ್ಲಿನ ರಿಯಲ್ ಎಸ್ಟೇಟಿನಲ್ಲಿ ಹೊಲವನ್ನು ಎನ್‌ಎ (ಕೃಷಿಯೇತರ) ಮಾಡಿಸಿ, ರಸ್ತೆ-ಚರಂಡಿ ಹಾಕಿ, ಪ್ಲಾಟು ಮಾರುವ ವ್ಯವಹಾರಕ್ಕೆ ದೊಡ್ಡ ಸ್ಥಾನವಿದೆ. ಅಲ್ಲಿ ಬಿಲ್ಡರ್ ಮನೆಯನ್ನೇ ಕಟ್ಟುವುದಿಲ್ಲ. 30×40, 30×50 ಅಡಿಯ ಪ್ಲಾಟು ಕೊಂಡವರು ತಮ್ಮ ವಾಸ್ತು, ತಮ್ಮ ಬಜೆಟ್ಟು, ತಮ್ಮ ಗೌಂಡಿಯನ್ನು ಹಿಡಿದು ಕಟ್ಟಿಸುತ್ತಾರೆ. ಒಂದೇ ಲೇಔಟಿನಲ್ಲಿ ಪೂರ್ವಕ್ಕೆ ಬಾಗಿಲಿನ ಮನೆಗೊಂದು ನಕ್ಷೆ, ಉತ್ತರಕ್ಕೆ ಬಾಗಿಲಿನದಕ್ಕೆ ಇನ್ನೊಂದು. ಪ್ರೀಕಾಸ್ಟ್ ಬದುಕುವುದು ಪುನರಾವರ್ತನೆಯ ಮೇಲೆ. ಉಕ್ಕಿನ ಒಂದು ಅಚ್ಚಿನಿಂದ ಇನ್ನೂರು ಹಲಗೆ ತೆಗೆದರೆ ಅಚ್ಚಿನ ಖರ್ಚು ಒಂದೊಂದರ ಮೇಲೆ ಬೀಳುವುದು ಅತ್ಯಲ್ಪ. ಹತ್ತೇ ಹಲಗೆ ತೆಗೆದರೆ ಆ ಖರ್ಚು ಇಪ್ಪತ್ತು ಪಟ್ಟು. ಇಪ್ಪತ್ತು-ಮೂವತ್ತು ಫ್ಲ್ಯಾಟಿನ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಅಂತಸ್ತು ಒಂದೇ ತರಹ ಇದ್ದರೂ ಪುನರಾವರ್ತನೆ ನಾಲ್ಕೇ ಸಲ.

ತೂಕದ ಲೆಕ್ಕ ಇನ್ನೂ ಕಠಿಣ. ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 150 ಮಿ.ಮೀ. ದಪ್ಪದ ಒಂದು ಗೋಡೆಯಲ್ಲಿ 1.35 ಘನ ಮೀಟರ್ ಕಾಂಕ್ರೀಟ್ ಇರುತ್ತದೆ. ಘನ ಮೀಟರಿಗೆ 2,500 ಕೆ.ಜಿ. ಹಿಡಿದರೆ ಸುಮಾರು 3.4 ಟನ್. ಮಲಗುವ ಕೋಣೆಯ ಒಂದು ಬದಿಯ ಗೋಡೆಯಷ್ಟೇ ಇದು. ಇದನ್ನು ತರಲು ಟ್ರೇಲರ್, ಎತ್ತಲು ಕ್ರೇನ್, ಕ್ರೇನ್ ನಿಲ್ಲಲು ಗಟ್ಟಿ ನೆಲ, ತೋಳು ತಿರುಗಲು ಜಾಗ ಬೇಕು. ಧಾರವಾಡದ ಮಾಳಮಡ್ಡಿ, ಹಳೇ ಹುಬ್ಬಳ್ಳಿಯ ಗಲ್ಲಿಗಳಲ್ಲಿ ಇದು ಯೋಚಿಸುವ ಮಾತೇ ಅಲ್ಲ. ನವನಗರ, ರಾಯಾಪುರ, ಸತ್ತೂರು ಕಡೆ ಅಗಲ ರಸ್ತೆ ಇದ್ದಲ್ಲಿ ಸಾಧ್ಯ. ಬೆಂಗಳೂರು ಇಲ್ಲಿಂದ 400 ಕಿ.ಮೀ. ದೂರ. ಅಲ್ಲಿಂದ ಕಾಂಕ್ರೀಟ್ ಗೋಡೆ ತರಿಸಿದರೆ ಉಳಿತಾಯವೆಲ್ಲ ಸಾಗಣೆಗೆ ಹೋಗುತ್ತದೆ. ಊರಿನಲ್ಲಿ ಬೇಡಿಕೆ ಇಲ್ಲದೆ ಕಾರ್ಖಾನೆ ಬರುವುದಿಲ್ಲ, ಕಾರ್ಖಾನೆ ಇಲ್ಲದೆ ಬೇಡಿಕೆ ಹುಟ್ಟುವುದಿಲ್ಲ.

ಹಣದ ಹರಿವಿನ ವಿಷಯದಲ್ಲಿ ಬಿಲ್ಡರ್‌ಗಳ ಹಿಂಜರಿಕೆಯನ್ನು ಅಜ್ಞಾನ ಎನ್ನುವುದು ಅನ್ಯಾಯ. 2019ರ ಏಪ್ರಿಲ್‌ನಿಂದ ಕಟ್ಟುತ್ತಿರುವ ವಸತಿಯ ಮೇಲೆ ಜಿಎಸ್‌ಟಿ ಶೇ 5, ಕೈಗೆಟಕುವ ದರದ ಮನೆಗೆ ಶೇ 1. ಆದರೆ ಬಿಲ್ಡರ್ ಸಾಮಾನಿನ ಮೇಲೆ ಕೊಟ್ಟ ತೆರಿಗೆಯನ್ನು ಇದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಕಾರ್ಖಾನೆಯಿಂದ ಬಂದ ಪ್ರೀಕಾಸ್ಟ್ ಭಾಗದ ಪೂರ್ತಿ ಬೆಲೆಯ ಮೇಲೆ, ಅಂದರೆ ಅದರೊಳಗಿನ ಕೂಲಿಯ ಮೇಲೂ ಕಾರ್ಖಾನೆಯ ಲಾಭದ ಮೇಲೂ, ಶೇ 18 ತೆರಿಗೆ ಬೀಳುತ್ತದೆ. ಅದನ್ನೇ ಸೈಟಿನಲ್ಲಿ ಎರೆದರೆ ತೆರಿಗೆ ಸಿಮೆಂಟು-ಕಬ್ಬಿಣ-ಉಸುಕುಗಳ ಮೇಲೆ ಮಾತ್ರ. ದಿನಗೂಲಿಯ ಗೌಂಡಿಗೆ ಕೊಟ್ಟ ಹಣಕ್ಕೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿದ ಮೇಲೆ ಸೈಟಿನ ಎರಕ ಇನ್ನೂ ಅಗ್ಗವಾಗಿದೆ. ತೆರಿಗೆಯ ಈ ರಚನೆ ಕಾರ್ಖಾನೆಯ ಕೆಲಸಕ್ಕೆ ದಂಡ ಹಾಕಿದಂತಿದೆ. ನೀತಿ ರೂಪಿಸುವವರು ಒಂದು ಕೈಯಲ್ಲಿ ಹೊಸ ತಂತ್ರಜ್ಞಾನಕ್ಕೆ ಉತ್ತೇಜನ ಕೊಟ್ಟು ಇನ್ನೊಂದರಲ್ಲಿ ಇದನ್ನು ಹಾಗೆಯೇ ಬಿಟ್ಟಿರುವುದು ಸರಿಯಲ್ಲ.

ಬ್ಯಾಂಕಿನ ಕಂತುಗಳೂ ಹಳೆಯ ಕ್ರಮಕ್ಕೇ ಹೊಂದಿಕೊಂಡಿವೆ. ಪ್ಲಿಂತ್ ಆದಾಗ ಇಷ್ಟು, ಒಂದೊಂದು ಸ್ಲ್ಯಾಬಿಗೆ ಇಷ್ಟು ಎಂದು ಗೃಹಸಾಲ ಬಿಡುಗಡೆಯಾಗುತ್ತದೆ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯಂತೆ ಗ್ರಾಹಕರ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ಕೆಲಸ ಎಷ್ಟು ಆಗಿದೆಯೆಂದು ಎಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕರು ದೃಢೀಕರಿಸಿದಷ್ಟೇ ಅದರಿಂದ ತೆಗೆಯಬಹುದು. ಪ್ರೀಕಾಸ್ಟಿನಲ್ಲಿ ಅಚ್ಚಿಗೆ, ಕಾರ್ಖಾನೆಗೆ ಮೊದಲೇ ಹಣ ಸುರಿಯಬೇಕು. ಅಷ್ಟು ಖರ್ಚಾದರೂ ಸೈಟಿನಲ್ಲಿ ತಳಪಾಯವಷ್ಟೇ ಕಾಣುತ್ತದೆ. ಕೆಲಸ ಬೇಗ ಮುಗಿದು ಬಡ್ಡಿ ಉಳಿಯುವುದು ನಿಜ, ಆದರೆ ಮೊದಲ ತಿಂಗಳುಗಳನ್ನು ಸ್ವಂತ ಬಂಡವಾಳದಿಂದ ದಾಟಬಲ್ಲವರಿಗೆ ಮಾತ್ರ ಆ ಉಳಿತಾಯ ದಕ್ಕುತ್ತದೆ.

ತಿಳಿವಳಿಕೆ ನಿಜಕ್ಕೂ ತೆಳುವಾಗಿರುವುದು ಜಾಯಿಂಟುಗಳ ವಿಷಯದಲ್ಲಿ. ಸೈಟಿನಲ್ಲಿ ಎರೆದ ಕಟ್ಟಡ ಒಂದೇ ದೇಹ; ಕಂಬದ ಕಬ್ಬಿಣ ಬೀಮಿಗೆ, ಬೀಮಿನದು ಸ್ಲ್ಯಾಬಿಗೆ ಹರಿದಿರುತ್ತದೆ. ಪ್ರೀಕಾಸ್ಟಿನಲ್ಲಿ ಆ ಹರಿವನ್ನು ಪ್ರತಿ ಜಾಯಿಂಟಿನಲ್ಲೂ ಮತ್ತೆ ಕಟ್ಟಿಕೊಡಬೇಕು. ಹಲಗೆಯ ಅಂಚಿನಿಂದ ಕಬ್ಬಿಣದ ಕುಣಿಕೆಗಳು ಹೊರಚಾಚಿರುತ್ತವೆ. ಎರಡು ಹಲಗೆ ಎದುರುಬದುರು ನಿಂತಾಗ ಕುಣಿಕೆಗಳು ಒಂದರ ಮೇಲೊಂದು ಬರಬೇಕು. ಅವುಗಳ ನಡುವೆ ಉದ್ದಕ್ಕೆ ಒಂದು ಸರಳು ಇಳಿಸಿ, ಕುಗ್ಗದ ಗ್ರೌಟ್ ತುಂಬಬೇಕು. ಕುಣಿಕೆ ಒಂದಿಂಚು ಆಚೀಚೆಯಾದರೆ ಸರಳು ಇಳಿಯದು. ಅಂಥ ಹೊತ್ತಿನಲ್ಲಿ ಕುಣಿಕೆಯನ್ನು ಕತ್ತರಿಸಿ ಗ್ರೌಟ್ ಸುರಿದುಬಿಟ್ಟರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಪ್ರೀಕಾಸ್ಟ್ ಕಟ್ಟಡದ ಸುರಕ್ಷತೆ ಆ ಕ್ಷಣದಲ್ಲಿ ಅಲ್ಲಿ ನಿಂತ ಸೂಪರ್‌ವೈಸರನ ಕೈಯಲ್ಲಿರುತ್ತದೆ.

ಇದರ ಬೆಲೆ ಏನೆಂದು ಜಗತ್ತು ಕಂಡಿದೆ. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಪ್ಯಾನೆಲ್ ಕಟ್ಟಡದ 18ನೆಯ ಅಂತಸ್ತಿನಲ್ಲಿ ಗ್ಯಾಸ್ ಸ್ಫೋಟಿಸಿತು. ಒಂದು ಗೋಡೆ ಹೊರಕ್ಕೆ ಹಾರಿ, ಅದರ ಮೇಲಿದ್ದವೂ ಕೆಳಗಿದ್ದವೂ ಒಂದರ ಹಿಂದೊಂದು ಬಿದ್ದು ಆ ಮೂಲೆ ಪೂರ್ತಿ ಕುಸಿಯಿತು, ನಾಲ್ವರು ಸತ್ತರು. ಒಂದು ಭಾಗ ಹೋದರೂ ಉಳಿದದ್ದು ನಿಲ್ಲುವಂತೆ ಗೋಡೆ-ಸ್ಲ್ಯಾಬುಗಳನ್ನು ಒಂದಕ್ಕೊಂದು ಬಿಗಿಯಬೇಕೆಂಬ ನಿಯಮ ಬಲಗೊಂಡದ್ದು ಅದರ ನಂತರ. 2001ರ ಭುಜ್ ಭೂಕಂಪದಲ್ಲಿ ಕಛ್ ಪ್ರದೇಶದ ಹೊಸ ಪೂರ್ವನಿರ್ಮಿತ ಶಾಲಾ ಕಟ್ಟಡಗಳು, ಅದೂ ಒಂದೇ ಅಂತಸ್ತಿನವು, ಹಲವೆಡೆ ಬಿದ್ದವು. ಅಲ್ಲೂ ದೋಷ ಜಾಯಿಂಟುಗಳದ್ದೇ. ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿಯಲ್ಲಿ ಧಾರವಾಡ ಇರುವುದು ಮೂರನೆಯ ಭೂಕಂಪ ವಲಯದಲ್ಲಿ. ಆದ್ದರಿಂದ ಇಲ್ಲಿ ಜಾಯಿಂಟಿನ ವಿನ್ಯಾಸವನ್ನು ಹಗುರವಾಗಿ ಕಾಣುವಂತಿಲ್ಲ.

ಧಾರವಾಡದ ಜನರಿಗೆ ಕಟ್ಟಡ ಕುಸಿತ ಎಂದರೆ ಪುಸ್ತಕದ ಮಾತಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಪ್ರಾಣ ಕಳೆದುಕೊಂಡರು. ಅಂಥ ನೆನಪಿರುವ ಊರಿನಲ್ಲಿ ‘ಜೋಡಿಸಿದ ಕಟ್ಟಡ’ ಎಂದೊಡನೆ ಕೊಳ್ಳುವವರು ಅನುಮಾನಿಸುವುದು ಸಹಜ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಐದು ವರ್ಷ ಬಿಲ್ಡರೇ ಸರಿಪಡಿಸಿಕೊಡಬೇಕೆಂದು ರೇರಾ ಹೇಳುತ್ತದೆ. ಮಳೆಗಾಲದಲ್ಲಿ ಜಾಯಿಂಟು ಸೋರಿದರೆ ಆ ಹೊಣೆ ಯಾರದು, ಕಾರ್ಖಾನೆಯದೋ ಜೋಡಿಸಿದವರದೋ ಬಿಲ್ಡರದೋ ಎಂಬುದು ಒಪ್ಪಂದ ಬರೆಯುವಾಗಲೇ ಇತ್ಯರ್ಥವಾಗಬೇಕಾದ ಮಾತು.

ಮಣ್ಣಿನ ಬಗ್ಗೆಯೂ ಒಂದು ತಪ್ಪು ನಂಬಿಕೆಯಿದೆ. ಹುಬ್ಬಳ್ಳಿಯ ಸುತ್ತ, ಮುಖ್ಯವಾಗಿ ಪೂರ್ವಕ್ಕೆ, ಎರೆಭೂಮಿ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವ ಮಣ್ಣು. ಧಾರವಾಡದಿಂದ ಪಶ್ಚಿಮಕ್ಕೆ ಹೋದಂತೆ ಕೆಂಪು ಮಣ್ಣು ಹೆಚ್ಚುತ್ತದೆ. ಹಗುರ ಪ್ಯಾನೆಲ್ಲಿನ ಮನೆಗೆ ಎರೆಭೂಮಿಯಲ್ಲಿ ತಳಪಾಯ ಕಡಿಮೆ ಸಾಕು ಎಂದು ಕೆಲವರು ಭಾವಿಸುತ್ತಾರೆ. ವಾಸ್ತವ ಇದಕ್ಕೆ ತಿರುಗುಮುರುಗು: ಉಬ್ಬುವ ಮಣ್ಣು ಭಾರದ ಕಟ್ಟಡಕ್ಕಿಂತ ಹಗುರ ಕಟ್ಟಡವನ್ನು ಸುಲಭವಾಗಿ ಎತ್ತುತ್ತದೆ, ಆ ಅಲುಗಾಟ ಮೊದಲು ಕಾಣುವುದು ಜಾಯಿಂಟಿನಲ್ಲಿ. ಎರೆಮಣ್ಣು ತೆಗೆದು ಗರಸು ತುಂಬಿ ಕುಟ್ಟುವುದು, ಇಲ್ಲವೇ ಬುಡ ಅಗಲವಾದ ಅಂಡರ್‌ರೀಮ್ಡ್ ಪೈಲುಗಳನ್ನು ಆಳಕ್ಕಿಳಿಸುವುದು, ಪ್ರೀಕಾಸ್ಟಿಗೂ ತಪ್ಪಿದ್ದಲ್ಲ.

ಬಿಲ್ಡರ್‌ಗಳು ಕಲಿಯಬಹುದಾದ ಮೂಲಗಳು ದೇಶದಲ್ಲಿ ಇಲ್ಲವೆಂದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲೇ ನಿರಾಶ್ರಿತರ ವಸತಿಗೆಂದು ದೆಹಲಿಯಲ್ಲಿ ಸರ್ಕಾರಿ ಮನೆ ಕಾರ್ಖಾನೆ ಆರಂಭವಾಯಿತು. ಅದರ ಹಿಂದಿದ್ದವರು ಜರ್ಮನಿಯಿಂದ ಬಂದು 1939ರಿಂದ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್. ಮೊದಲ ಪ್ಯಾನೆಲ್‌ಗಳು ಬಿರುಕು ಬಿಟ್ಟವು, ಯೋಜನೆ ಟೀಕೆಗೆ ಗುರಿಯಾಯಿತು, 1951ರಲ್ಲಿ ಅವರು ಭಾರತ ಬಿಟ್ಟರು. ಕಾರ್ಖಾನೆ ಮಾತ್ರ ಉಳಿದು ಮುಂದೆ ಹಿಂದೂಸ್ತಾನ್ ಪ್ರೀಫ್ಯಾಬ್ ಆಯಿತು. ಇಂದು ಐಎಸ್ 15916, ಐಎಸ್ 11447 ಸಂಹಿತೆಗಳಿವೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಪ್ರತ್ಯೇಕ ವಿಭಾಗವೇ ಇದೆ. 2021ರ ಜನವರಿ 1ರಂದು ಕೇಂದ್ರ ಸರ್ಕಾರ ಆರು ನಗರಗಳಲ್ಲಿ ‘ಲೈಟ್ ಹೌಸ್’ ವಸತಿ ಯೋಜನೆಗಳಿಗೆ ಅಡಿಗಲ್ಲು ಹಾಕಿತು. ಚೆನ್ನೈನ 1,152 ಮನೆಗಳು ಪ್ರೀಕಾಸ್ಟ್ ಕಾಂಕ್ರೀಟಿನವು, ರಾಂಚಿಯವು ಕೋಣೆ ಪೆಟ್ಟಿಗೆಗಳವು, ಇಂದೋರಿನವು ಸ್ಯಾಂಡ್‌ವಿಚ್ ಪ್ಯಾನೆಲ್ಲಿನವು. ಕರ್ನಾಟಕಕ್ಕೆ ಒಂದೂ ಬರಲಿಲ್ಲ. ರಾಜ್ಯದ ಜನ ಕಣ್ಣಾರೆ ಕಂಡ ಪ್ರೀಕಾಸ್ಟ್ ಎಂದರೆ 2017ರಲ್ಲಿ ಬೆಂಗಳೂರಿನಲ್ಲಿ ದಿನಗಳ ಲೆಕ್ಕದಲ್ಲಿ ಎದ್ದ ಇಂದಿರಾ ಕ್ಯಾಂಟೀನುಗಳು. ಅವುಗಳ ಗೋಡೆಗಳು ಕೃಷ್ಣಗಿರಿಯ ಕಾರ್ಖಾನೆಯಿಂದ ಬಂದವು.

ಹೆಸರು ಗೊತ್ತಿರುವುದಕ್ಕೂ ಬಳಕೆಗೆ ಬರುವುದಕ್ಕೂ ನಡುವಿನ ದೂರವನ್ನು ಮಲೇಷ್ಯಾ ಚೆನ್ನಾಗಿ ತೋರಿಸಿತು. ಅಲ್ಲಿ 2003ರಲ್ಲಿ ಕೈಗಾರಿಕೀಕೃತ ಕಟ್ಟಡ ಪದ್ಧತಿಗೆ ಏಳೆಂಟು ವರ್ಷಗಳ ಮಾರ್ಗಸೂಚಿ ಹೊರಟಿತು, ಪ್ರಚಾರವೂ ನಡೆಯಿತು. ಖಾಸಗಿ ಬಿಲ್ಡರ್‌ಗಳು ಕಾದು ನೋಡಿದರು. 2008ರಲ್ಲಿ ಸರ್ಕಾರಿ ಯೋಜನೆಗಳಿಗೆ ಅದನ್ನು ಕಡ್ಡಾಯ ಮಾಡಿ ಕಾರ್ಖಾನೆಗಳಿಗೆ ಖಚಿತ ಬೇಡಿಕೆ ಒದಗಿಸಬೇಕಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಅಂಥ ಬೇಡಿಕೆ ಹುಟ್ಟಿಸಬಲ್ಲವರು ಒಬ್ಬಿಬ್ಬರು ಬಿಲ್ಡರ್‌ಗಳಲ್ಲ. ಕೊಳೆಗೇರಿ ಮಂಡಳಿಯ ವಸತಿ, ಹಾಸ್ಟೆಲ್, ಶಾಲಾ ಕೊಠಡಿ, ಪೊಲೀಸ್ ವಸತಿಗೃಹಗಳಂಥ ಒಂದೇ ನಕ್ಷೆ ನೂರಾರು ಸಲ ಮರಳುವ ಸರ್ಕಾರಿ ಕಟ್ಟಡಗಳಿಂದ ಅದು ಶುರುವಾಗಬೇಕು. ಅವುಗಳನ್ನು ಆಧರಿಸಿ ಬೇಲೂರು ಅಥವಾ ತಾರಿಹಾಳದಲ್ಲಿ ಒಂದು ಕಾರ್ಖಾನೆ ನಿಂತರೆ ಖಾಸಗಿಯವರ ಲೆಕ್ಕ ತಾನಾಗಿಯೇ ಬದಲಾಗುತ್ತದೆ.

ಅಲ್ಲಿಯವರೆಗೂ ಕೈಕಟ್ಟಿ ಕೂರಬೇಕಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಹಲಗೆ-ತೊಲೆ ಚಾವಣಿಯನ್ನು ಅವಳಿ ನಗರದ ಬಿಲ್ಡರ್‌ಗಳು ಗಂಭೀರವಾಗಿ ನೋಡಬೇಕು. ಹಲಗೆಯ ಅಗಲ 30 ಸೆಂ.ಮೀ., ಉದ್ದ ಒಂದೂವರೆ ಮೀಟರಿನೊಳಗೆ, ತೂಕ 50 ಕೆ.ಜಿ.ಯ ಆಸುಪಾಸು. ಇಬ್ಬರು ಎತ್ತಿ ಇಡುತ್ತಾರೆ. ಕ್ರೇನ್ ಬೇಡ. ಸೈಟಿನ ಮೂಲೆಯಲ್ಲೇ ಅಚ್ಚಿಟ್ಟು ಎರೆಯಬಹುದಾದ್ದರಿಂದ ಕಾರ್ಖಾನೆಯ ತೆರಿಗೆಯೂ ಸಾಗಣೆಯೂ ಬೀಳುವುದಿಲ್ಲ. ತೊಲೆಗಳ ನಡುವೆ ಹಲಗೆ ಜೋಡಿಸಿ, ಕಬ್ಬಿಣ ಕೂರಿಸಿ, ಮೇಲೆ ತೆಳುವಾಗಿ ಕಾಂಕ್ರೀಟ್ ಹಾಕಿದರೆ ಎಲ್ಲವೂ ಒಂದಾಗುತ್ತದೆ. ಸೆಂಟ್ರಿಂಗ್ ಹಲಗೆಗಳ ಕಾಡೇ ಇಲ್ಲ. ಮೆಟ್ಟಿಲು, ಲಿಂಟಲ್, ಛಜ್ಜಾಗಳನ್ನೂ ಹೀಗೆಯೇ ನೆಲದ ಮೇಲೆ ಎರೆದು ಏರಿಸಬಹುದು. ಸಾಲುಮನೆಗಳ ಸಣ್ಣ ಯೋಜನೆಗೂ ಇದು ಹೊಂದುತ್ತದೆ, ಹಳೆ ಊರಿನ ಇಕ್ಕಟ್ಟಿಗೂ ಹೊಂದುತ್ತದೆ. ಮನೆ ಕಟ್ಟಿಸುವವರು ತಮ್ಮದೇ ನಕ್ಷೆ ಹಿಡಿದು ಬಂದರೂ ಅಡ್ಡಿಯಿಲ್ಲ, ಏಕೆಂದರೆ ಇಲ್ಲಿ ಮರಳುವುದು ಹಲಗೆಯ ಅಳತೆ, ಮನೆಯ ನಕ್ಷೆಯಲ್ಲ.

ಇದನ್ನು ಕಲಿಸಬೇಕಾದದ್ದು ಬಿಲ್ಡರ್‌ಗೆ ಮಾತ್ರವಲ್ಲ. ಇಂಥ ಕೆಲಸಕ್ಕೆಂದೇ 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಹುಟ್ಟಿ ದೇಶದಲ್ಲೆಲ್ಲ ಹಬ್ಬಿದ ನಿರ್ಮಿತಿ ಕೇಂದ್ರಗಳು ಕರ್ನಾಟಕದ ಜಿಲ್ಲೆಗಳಲ್ಲೂ ಇವೆ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಲಗೆಯನ್ನು ಮುರಿಯುವವರೆಗೆ ಭಾರ ಹೇರಿ ಬಿಲ್ಡರ್‌ಗಳ ಎದುರಿಗೇ ಪರೀಕ್ಷಿಸಿ ತೋರಿಸಬಹುದು. ಗೌಂಡಿಗೆ ಬೇಕಾದ ತರಬೇತಿ ಬೇರೆ: ಅಚ್ಚಿನ ಅಳತೆ ಮಿಲಿಮೀಟರಿನಲ್ಲಿ ಹಿಡಿಯುವುದು, ಎರಕ ಬಲಿಯುವ ಮೊದಲೇ ಹಲಗೆ ಎತ್ತದಿರುವುದು, ಎತ್ತುವಾಗ ನಡುವಿಗೆ ಕೈ ಹಾಕದೆ ಗೊತ್ತುಪಡಿಸಿದ ಜಾಗದಲ್ಲೇ ಹಿಡಿಯುವುದು, ಜಾಯಿಂಟಿಗೆ ಗಾರೆ ತುಂಬುವ ಮುನ್ನ ಧೂಳು ತೊಳೆದು ನೀರುಣಿಸುವುದು. ಈ ನಾಲ್ಕು ಕೆಲಸ ಬಲ್ಲ ಗೌಂಡಿಗಳ ಒಂದು ತಂಡ ಊರಿನಲ್ಲಿ ಸಿದ್ಧವಾದರೆ, ಹಲಗೆ ಚಾವಣಿಗೆ ಚದರಡಿಗೆ ಎಷ್ಟಾಗುತ್ತದೆ ಎಂದು ಬಿಲ್ಡರ್ ಕೇಳಿದಾಗ ರೇಟು ಹೇಳಬಲ್ಲವರು ಇಲ್ಲೇ ಸಿಗುತ್ತಾರೆ.